ಸೊನ್ನೆಯ ದೂರದಾರಿ

ಬೆರಳಿಟ್ಟು ಚಕ್ರ ತಿರುಗಿಸುವ ಹಳೆಯ ಫೋನನ್ನು ಬಳಸಿದವರಿಗೆ ನೆನಪಿದ್ದೀತು: ಒಂದನ್ನು ತಿರುಗಿಸಿದರೆ ಚಕ್ರ ಚಿಟಿಕೆಯಲ್ಲಿ ಸ್ವಸ್ಥಾನ ಸೇರುತ್ತದೆ, ಬೆಲೆಯೇ ಇಲ್ಲದ ಸೊನ್ನೆಗೆ ಮಾತ್ರ ಕಾಶಿಯಾತ್ರೆಯಷ್ಟು ಹೊತ್ತು. ಸೋಮಾರಿಶಿಖಾಮಣಿಯಾದ ನಾನು, ನಂಬರಿನಲ್ಲಿ ಸೊನ್ನೆ ಹೆಚ್ಚಿದ್ದ ನೆಂಟರ ಯೋಗಕ್ಷೇಮವನ್ನು ದೇವರಿಗೇ ವಹಿಸಿಬಿಟ್ಟಿದ್ದೆ.

ಪಾವಗಡದ ನನ್ನ ಸೋದರತ್ತೆ ಗೌರತ್ತೆ ಹಾಗಲ್ಲ. ಕಣ್ಣು ಮಂಜಾದ ಮೇಲೂ ಚಕ್ರದ ತೂತುಗಳನ್ನು ಬೆರಳಲ್ಲೇ ಎಣಿಸಿಕೊಂಡು, ಮಧುಗಿರಿಯ ನನ್ನನ್ನೂ ಶಿರಾ, ಕೊರಟಗೆರೆಗಳಲ್ಲಿ ಹಂಚಿಹೋದ ಬಳಗವನ್ನೂ ಬೆಳಗಿನ ಕಾಫಿಗೆ ಮುಂಚೆಯೇ ವಿಚಾರಿಸಿಕೊಳ್ಳುವವಳು. ಹೀಗಿರಲು ಅವಳ ಮನೆಗೆ ತಾಮ್ರದ ತಂತಿ ಹೋಗಿ ಫೈಬರ್ ಎಂಬ ಗಾಜಿನೆಳೆ ಬಂತು. ಮಾತು ಇನ್ನು ಇಂಟರ್ನೆಟ್ಟಿನ ದಾರಿಯಲ್ಲಂತೆ. ಲಾಡನ್ನು ಬೂಂದಿಯಾಗಿ ಉದುರಿಸಿ ಕಳಿಸಿ, ಆ ತುದಿಯಲ್ಲಿ ಮತ್ತೆ ಉಂಡೆ ಕಟ್ಟುವ ಚಮತ್ಕಾರ. ಆದರೆ ಗೋಡೆಗೆ ಬಂದ ಹೊಸ ಪೆಟ್ಟಿಗೆಗೆ ಚಕ್ರದ ಟಕಟಕ ಭಾಷೆ ತಿಳಿಯಲಿಲ್ಲ. ಹೊರಗಿನಿಂದ ಕರೆ ಬಂದರೆ ಗಂಟೆ ಬಾರಿಸುತ್ತಿತ್ತು. ಅತ್ತೆ ತಿರುಗಿಸಿದರೆ ಮೌನವ್ರತ.

ನಾನು ಹೋದಾಗ ಲೈನ್‌ಮನ್ ರಫೀಕಣ್ಣ ಅತ್ತೆಯನ್ನು ಒಪ್ಪಿಸಲು ನೋಡುತ್ತಿದ್ದ. "ಗುಂಡಿ ಫೋನ್ ತಗಳವ್ವ. ಎಕ್ಸ್‌ಚೇಂಜೇ ಬದಲಾಗ್ಯದೆ."

"ಅಲ್ಲಿದ್ದ ಹಳೇ ಮಿಷನ್ನೆಲ್ಲ ಎಸ್ದುಬುಟ್ರಾ?"

"ಎಲ್ಲಾನೂ ಎಲ್ಲಿ ಎಸೀತಾರೆ? ಮಧ್ಯ ಗೇಟ್‌ವೇ ಅಂತ ಒಂದು ಕೂರ್ಸವ್ರೆ. ಹಳೇದ್ರ ಮಾತು ಹೊಸದ್ಕೆ ತಿಳಿಸ್ತದೆ."

ಅತ್ತೆಗೆ ಅಷ್ಟು ಸಾಕಾಯಿತು. "ನಿಮ್ ಮಿಷನ್ನಿಗಾದ್ರೆ ದುಭಾಷಿ, ನಂಗಾದ್ರೆ ಗುಂಡಿನಾ? ನಂಗೂ ಒಬ್ಬ ದುಭಾಷಿ ತಂದು ಕೂರ್ಸು. ಈ ಫೋನ್ ಕದಲಾಕಿಲ್ಲ ಕಣಪ್ಪ."

ಮಹಾವಿವೇಕಿಯಂತೆ ನಾನು, ಗುಂಡಿ ಫೋನು ತಂದು, ಮನೆಯಲ್ಲೇ ಇರುವ ನಿನ್ನ ಸೊಸೆಯ ಕೈಲಿ ನಂಬರು ಒತ್ತಿಸಿಕೊಳ್ಳಬಹುದಲ್ಲ ಎಂದೆ.

"ಅವಳ ಮೇಲೆ ಚಾಡಿ ಹೇಳಾಕೆ ಅವಳ ಕೈಲೇ ಒತ್ತಿಸ್ಲೇನ್ಲಾ?"

ನಕ್ಕೆ, ಆದರೆ ಮಾತು ನಾಟಿತು. ತಾನೇ ಕರೆಯಬಲ್ಲವಳು ಬಳಗದ ಹಿರಿಯಳು. ಕರೆಗಾಗಿ ಕಾಯುವವಳು ಬರಿಯ ಮುದುಕಿ. ನಡುವಿನ ಅಂತರ ಒಂದು ಚಕ್ರ. ಆಂಧ್ರದ ಗಡಿಗಂಟಿದ ಪಾವಗಡದ ಬೀದಿಯಲ್ಲಿ ತೆಲುಗಿನ ಪ್ರಶ್ನೆಗೆ ಕನ್ನಡದ ಉತ್ತರ ಬರುತ್ತದೆ, ಅದಕ್ಕಾಗಿ ಯಾರೂ ಯಾರ ನಾಲಿಗೆಯನ್ನೂ ಬದಲಾಯಿಸಿಲ್ಲ. ಹಳಬರಿಗೆಲ್ಲ ಪಾಠ ಹೇಳಹೊರಡುವ ಹೊಸ ಕಾಲ, ಅವರಿಂದ ತಾನೂ ನಾಲ್ಕು ಮಾತು ಕಲಿತರೆ ಅದರಪ್ಪನ ಗಂಟೇನು ಹೋಗುತ್ತದೆ, ನೀವೇ ಹೇಳಿ.

ಅಂಗಡಿ ಅಂಗಡಿ ಅಲೆದೆ. ಕೇಳಿದವರು ನಕ್ಕರು. ಕೊನೆಗೆ ಚಕ್ರದ ಟಕಟಕವನ್ನು ಹೊಸ ಪೆಟ್ಟಿಗೆಗೆ ತಿಳಿಸಿಹೇಳುವ, ಬೆಂಕಿಪೊಟ್ಟಣದಷ್ಟಿದ್ದ ದುಭಾಷಿ ಸಿಕ್ಕಿದ. ರಫೀಕಣ್ಣ ಗೊಣಗುತ್ತಲೇ ಕೂರಿಸಿದ.

ಮಧುಗಿರಿಗೆ ಮರಳಿದ ಮರುಬೆಳಿಗ್ಗೆ ನನ್ನ ಫೋನು ರಿಂಗಣಿಸಿತು. "ಲೇ, ಸೊಸೆ ನೀರು ಹಿಡಿಯಾಕೆ ಹೋಗವಳೆ. ಬೇಗ ಕೇಳು."

ಪಾವಗಡದಿಂದ ಮಧುಗಿರಿಗೆ ತಿರುಗಿಸಬೇಕಾದ ಮೊದಲ ಅಂಕಿಯೇ ಸೊನ್ನೆ. ಅದು ತನ್ನ ಸುತ್ತನ್ನು ಒಂದು ತೂತೂ ಬಿಡದೆ ಪೂರೈಸಿಯೇ ಬಂದಿತ್ತು.