ಕೆಲಸ ಮುಗಿಸಿ ಬೀದರ್ ನೋಡಿದ್ದು

ಓದುವ ಎಲ್ಲರಿಗೂ ಶರಣು. ನಾನು ತಡವಾಗಿ ಅಕ್ಷರ ಕಲಿತವನು. ಔರಾದ್ ಕಡೆಯ ನಮ್ಮೂರು ಡಾಬಕಾದಲ್ಲಿ ಕುರಿಗಳ ಹಿಂದೆ ತಿರುಗುತ್ತಿದ್ದವನು ಮೀಸೆ ಚಿಗುರಿದ ಮೇಲೆ ಶಾಲೆಯ ಬೆಂಚಿನ ಮೇಲೆ ಕುಳಿತೆ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ಒತ್ತಕ್ಷರ ಬಂದಾಗಲೆಲ್ಲ ನಿಂತು ಉಸಿರು ತೆಗೆದುಕೊಳ್ಳಬೇಕಾಗುತ್ತದೆ. ತಪ್ಪು ಕಂಡರೆ ನಿಮ್ಮ ಮನೆಯವನೇ ಬರೆದಿದ್ದಾನೆ ಎಂದುಕೊಂಡು ತಿದ್ದಿ ಓದಿರಿ.

ಇಂದು ಬೆಳಿಗ್ಗೆ ಪರಿಚಯವಿಲ್ಲದ ಒಬ್ಬರ ಸಂದೇಶ ಬಂತು. ಬೀದರಿನಲ್ಲಿ ಅವರಿಗೆ ಮೂರು ನಾಲ್ಕು ತಾಸು ಸಿಗುತ್ತದಂತೆ, ಸಂಜೆ ರೈಲು, ಏನೇನು ನೋಡಬಹುದು ಎಂದು ಕೇಳಿದ್ದರು. ನಮ್ಮ ಸೇಠ್‌ಜಿಯೇ ನಂಬರ್ ಕೊಟ್ಟಿರಬೇಕು. ಬೀದರ್ ಪಕ್ಕದ ಕೊಳಾರದಲ್ಲಿ ನಾನು ದುಡಿಯುವ ಅವರ ಗೋದಾಮಿಗೆ ಹೊರಗಿನಿಂದ ಯಾರೇ ಬರಲಿ, ಅವರು ನನ್ನ ಕಡೆ ಕೈ ತೋರಿಸುತ್ತಾರೆ: "ಇಂವ ಇಲ್ಲಿಯವ್ನೇ ಇದ್ದಾನ್ರಿ. ಊರೆಲ್ಲಾ ತೋರಸ್ತಾನ." ಡಾಬಕಾದಲ್ಲಿ ಹುಟ್ಟಿ ಬೀದರಿನ ಅಂಚಿನ ಚಿದ್ರಿಯಲ್ಲಿ ಬಾಡಿಗೆಗಿರುವ ನಾನು ಹೀಗೆ ಪುಕ್ಕಟೆಯಾಗಿ ಬೀದರಿನವನಾದೆ.

ನನ್ನ ದಾರಿ ಯಾವಾಗಲೂ ಒಂದೇ. ಊರ ನಡುವೆ ಗಡಿಯಾರದ ಗುಂಡು ಗೋಪುರವಿದೆಯಲ್ಲ, ಆ ಚೌಬಾರದ ಹತ್ತಿರ ಚಹಾ ಕುಡಿಯಿರಿ. ಸುತ್ತಲಿನ ಗಲ್ಲಿಗಳಲ್ಲಿ ಬಿದರಿ ಕೆಲಸದವರು ಕುಳಿತಿರುತ್ತಾರೆ, ಕರಿ ಪಾತ್ರೆಯ ಮೇಲೆ ಬೆಳ್ಳಿ ಎಳೆ ಕೂರಿಸುವುದನ್ನು ಸ್ವಲ್ಪ ನಿಂತು ನೋಡಿ. ಆಮೇಲೆ ಮದರಸಾ, ಸುಲ್ತಾನರ ಕಾಲದ ದೊಡ್ಡ ಶಾಲೆ. ಅದರ ಮಿನಾರಿನ ಮೇಲೆ ಉಳಿದಿರುವ ನೀಲಿ ಬಿಲ್ಲೆಗಳನ್ನು ನೋಡಲು ಕತ್ತು ನೋಯಬೇಕು. ಅಲ್ಲಿಂದ ಕೋಟೆ. ಸಮಯ ಉಳಿದರೆ ಅಷ್ಟೂರಿನಲ್ಲಿರುವ ಸುಲ್ತಾನರ ಗೋರಿಗಳ ಗುಂಬಜಗಳು. ಯಾವುದು ಎಷ್ಟು ವರ್ಷದ್ದು ಎಂದು ಯಾರಾದರೂ ಕೇಳಿದರೆ "ಭಾಳ ಹಳೇದ್ರಿ" ಅನ್ನುತ್ತೇನೆ. ಈ ಉತ್ತರ ಇದುವರೆಗೂ ತಪ್ಪಾಗಿಲ್ಲ.

ಇಷ್ಟನ್ನು ಆ ಪುಣ್ಯಾತ್ಮರಿಗೆ ಬರೆಯಲು ಕುಳಿತೆ. ಮದರಸಾದವರೆಗೆ ಬಂದು ಬೆರಳು ನಿಂತಿತು. ಅಕ್ಕ ನೆನಪಾದಳು.

ಅಕ್ಕನನ್ನು ಕೊಟ್ಟಿದ್ದು ಭಾಲ್ಕಿಗೆ. ಮದುವೆಯಾದಾಗಿನಿಂದ ಎಷ್ಟೋ ಸಲ ಬೀದರಿಗೆ ಬಂದಿದ್ದಾಳೆ, ಬೀದರ್ ಮಾತ್ರ ನೋಡಿರಲಿಲ್ಲ. ಇದು ಅವಳೊಬ್ಬಳ ಕಥೆಯಲ್ಲ. ಔರಾದ್, ಭಾಲ್ಕಿ ಕಡೆಯ ನಾವು ಕೆಲಸವಿಲ್ಲದೆ ಬೀದರಿಗೆ ಬರುವವರಲ್ಲ. ದವಾಖಾನೆ, ಕಚೇರಿ, ಮದುವೆಯ ಬಟ್ಟೆ, ಇವೇ ಕೆಲಸ. ಮೊದಲು ಕೆಲಸ ಮುಗಿಯಬೇಕು, ಆಮೇಲೆ ಹೊತ್ತು ಉಳಿದರೆ ಊರು. ಹೊತ್ತು ಯಾರಿಗೂ ಉಳಿಯುವುದಿಲ್ಲ. ನಮ್ಮ ಅಪ್ಪ ಕೋಟೆಯ ಗೋಡೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದ್ದಷ್ಟೇ.

ಕೆಲವು ವರ್ಷಗಳ ಹಿಂದೆ ಅಕ್ಕನ ಕಣ್ಣು ಮಸುಕಾಗತೊಡಗಿತು. ಭಾಲ್ಕಿಯ ಡಾಕ್ಟರು ಬೀದರಿಗೆ ಹೋಗಿ ಎಂದರು. ಅವಳು ಹೊರಡುವ ಹಿಂದಿನ ದಿನ ಫೋನ್ ಮಾಡಿದಳು.

"ಮಂದಿಗೆಲ್ಲಾ ಊರ ತೋರಸ್ತಿ ಅಂತಲ್ಲೋ ತಮ್ಮಾ? ನಾಳಿ ನನಗೂ ತೋರ್ಸು. ಕಣ್ಣ ಇರೂತನಕ ನೋಡಿಬಿಡ್ತೀನಿ."

"ತೋರಸ್ತೀನಿ ಬಾ ಅಕ್ಕಾ. ಮೊದಲ ದವಾಖಾನಿ ಕೆಲಸ ಮುಗಸಮು, ಆಮ್ಯಾಲ ಆರಾಮಾಗಿ ತಿರುಗಾಡಮು."

ಹೀಗೆಂದೆ. ಬೇರೆ ಏನಾದರೂ ಹೇಳಬಹುದೆಂದು ನನಗೆ ಹೊಳೆಯಲೇ ಇಲ್ಲ. ಅವಳಿಗೂ ಹೊಳೆಯಲಿಲ್ಲ.

ದವಾಖಾನೆಯಲ್ಲಿ ಕಣ್ಣಿಗೆ ಔಷಧದ ಹನಿ ಹಾಕಿ ಕೂರಿಸಿದರು. ಡಾಕ್ಟರು ನೋಡಿ, ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಸ್ವಲ್ಪ ಕಾಲ ಕಾಪಾಡಬಹುದು ಎಂದರು. ಅಕ್ಕ "ಆಯ್ತರಿ" ಎಂದು ಸೆರಗು ಸರಿಮಾಡಿಕೊಂಡು ಎದ್ದಳು. ಹೊರಗೆ ಕಾಲಿಟ್ಟದ್ದೇ ತಡ, ಬಿಸಿಲಿಗೆ ಕಣ್ಣು ಮುಚ್ಚಿ ನಿಂತಳು. ಹಿಂದೆಯೇ ಬಂದ ನರ್ಸ್ ಹೇಳಿದಳು: "ಹನಿ ಹಾಕೀವ್ರಿ ಅವ್ವಾ. ಸಂಜಿತನಕ ಎಲ್ಲಾ ಮಂಜ ಮಂಜ ಕಾಣ್ತದ. ಬಿಸಲಾಗ ತಿರುಗಾಡಬ್ಯಾಡ್ರಿ, ಸೀದಾ ಮನಿಗಿ ಹೋಗ್ರಿ."

ಅಕ್ಕ ನಕ್ಕಳು.

"ಇನ್ನೊಂದ್ ದಿನ ಬಾ ಅಕ್ಕಾ" ಎಂದೆ.

"ಇನ್ನೊಂದ್ ದಿನ ಯಾ ಕೆಲಸ ಅಂತ ಬರ್ಲಿ? ನಡಿ, ಆಟೋ ಕರಿ."

ಮದರಸಾದ ಮುಂದೆ ನಿಂತೆವು. ಅವಳು ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು ಮುಖ ಮೇಲೆತ್ತಿದಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು.

"ನೀಲಿ ಅದ ಏನ?"

"ಹಾಂ ಅಕ್ಕಾ, ನೀಲಿ. ನಡುನಡುವ ಬಿಳಿ. ಒಂದೀಟು ಹಳದಿ."

"ಆಕಾಶ ಯಾದು, ಗ್ವಾಡಿ ಯಾದು, ತಿಳಿವಲ್ದು ನೋಡು. ಹೇಳು, ಹೇಳು. ರೇಡಿಯೋ ಕೇಳ್ದಂಗ ಆಗ್ಲತ್ತದ."

ನಾನು ಹೇಳಿದೆ. ಸೇಠ್‌ಜಿಯ ಅತಿಥಿಗಳಿಗೆ ಹೇಳದಿದ್ದುದನ್ನೆಲ್ಲ ಹೇಳಿದೆ. ಹೇಳಲು ನೋಡಬೇಕಲ್ಲ, ಹಾಗಾಗಿ ನಾನೂ ಅಂದೇ ಮೊದಲ ಸಲ ನೋಡಿದೆನೋ ಏನೋ. ಬಳ್ಳಿಯಂತೆ ಸುತ್ತಿಕೊಂಡ ಅಕ್ಷರಗಳು, ಬಿದ್ದುಹೋದ ಅರ್ಧ ಗೋಡೆ, ಬಿಲ್ಲೆ ಉದುರಿದ ಜಾಗದಲ್ಲಿ ಗೂಡು ಕಟ್ಟಿದ ಪಾರಿವಾಳ.

ಕೋಟೆಯಲ್ಲಿ ಅವಳು ನನ್ನ ಮೊಣಕೈ ಹಿಡಿದು ಮೆಟ್ಟಿಲು ಹತ್ತಿದಳು. ಉತ್ತರದ ಗೋಡೆಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದಳು. ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಕೆಳಗೆ ಬಯಲು ಚಾಪೆ ಹಾಸಿದಂತೆ ದೂರದವರೆಗೆ ಬಿದ್ದಿತ್ತು.

"ನಮ್ಮೂರ ಯಾ ದಿಕ್ಕಿಗ್ ಬರ್ತದೋ?"

ಹೆಗಲು ಹಿಡಿದು ಅವಳ ಮುಖವನ್ನು ಔರಾದಿನ ಕಡೆ ತಿರುಗಿಸಿದೆ.

"ನಿನಗ ಕಾಣ್ತದ?"

"ಇಷ್ಟ ದೂರ ಹ್ಯಾಂಗ ಕಾಣ್ತದ ಅಕ್ಕಾ? ನನಗೂ ಕಾಣ್ಸಲ್ದು."

"ಹಂಗಾದ್ರ ಇಬ್ರೂ ಸಮ ಆದ್ವಿ ಬಿಡು" ಎಂದು ಇನ್ನೊಂದು ರೊಟ್ಟಿ ನನ್ನ ಕೈಗಿಟ್ಟಳು.

ಸಂಜೆ ಬಸ್ಸಿಗೆ ಹತ್ತಿಸಿದೆ. ಮರುದಿನವೇ ಭಾಲ್ಕಿಯ ಓಣಿಗೆಲ್ಲ ಸುದ್ದಿಯಾಗಿತ್ತು, ಅಕ್ಕ ಬೀದರನ್ನು ಪೂರಾ ನೋಡಿ ಬಂದಳು ಎಂದು. ಆಮೇಲೆ ನಾನು ಎಷ್ಟೋ ಸಲ ಕರೆದೆ. ದವಾಖಾನೆ ಬೇಡ, ಸುಮ್ಮನೆ ಬಾ, ಬೆಳಿಗ್ಗೆ ತಂಪಿನಲ್ಲಿ ನೋಡೋಣ ಎಂದೆ. "ನೋಡಿದ್ದೇ ಎಷ್ಟ್ ಸಲ ನೋಡ್ಬೇಕೋ?" ಎಂದು ನಗುತ್ತಿದ್ದಳು. ತಪಾಸಣೆಗೆ ಬಂದಾಗಲೆಲ್ಲ ಮತ್ತೆ ಅದೇ ಹನಿ, ಅದೇ ಬಸ್ಸು. ಎಳೆದುಕೊಂಡಾದರೂ ಹೋಗಬೇಕಿತ್ತು ಎಂದು ಈಗ ಅನ್ನಿಸುತ್ತದೆ. ಈಗ ಅವಳಿಗೆ ಬೆಳಕು, ನೆರಳು ಎರಡೇ ತಿಳಿಯುತ್ತವೆ.

ಹೋದ ವಾರ ಭಾಲ್ಕಿಗೆ ಹೋಗಿದ್ದೆ. ಅಂಗಳದಲ್ಲಿ ಚಪ್ಪಲಿ ಬಿಡುತ್ತಿರುವಾಗ ಒಳಗಿನಿಂದ ಅಕ್ಕನ ದನಿ ಕೇಳಿಸಿತು. ಪಕ್ಕದ ಮನೆಯ ಹೆಣ್ಣುಮಗಳು ತನ್ನ ಕಣ್ಣು ತೋರಿಸಲು ಮಾರನೆಯ ದಿನ ಬೀದರಿಗೆ ಹೊರಟಿದ್ದಳು. ಅಕ್ಕ ಅವಳಿಗೆ ಮದರಸಾ ಹೇಳುತ್ತಿದ್ದಳು: ನೀಲಿ, ನಡುನಡುವೆ ಬಿಳಿ, ಒಂದೀಟು ಹಳದಿ, ಬಳ್ಳಿಯಂಥ ಅಕ್ಷರ. ಕೋಟೆಯ ಉತ್ತರದ ಗೋಡೆಯ ಹತ್ತಿರ ಕುಳಿತು ಉಣ್ಣು, ನೆರಳಿರುತ್ತದೆ ಎಂದಳು. ಆಮೇಲೆ ದನಿ ಸಣ್ಣದು ಮಾಡಿ ಹೇಳಿದಳು:

"ನಸುಕಿನ ಬಸ್ಸಿಗೇ ಹೋಗು ತಂಗಿ. ಮೊದಲ ಊರ ನೋಡು. ದವಾಖಾನಿ ಆಮ್ಯಾಲ. ನನ್ನ ತಮ್ಮನ ಮುಂದ ಮಾತ್ರ ಇದು ಅನಬ್ಯಾಡ, ಮನಸಿಗಿ ಹಚ್ಕೋತಾನ."

ನಾನು ಮತ್ತೆ ಚಪ್ಪಲಿ ಮೆಟ್ಟಿಕೊಂಡು ಓಣಿಯ ತುದಿಯವರೆಗೆ ಹೋದೆ. ಆಮೇಲೆ ಜೋರಾಗಿ ಕೆಮ್ಮುತ್ತಾ ಬಂದೆ.

ಸಂದೇಶ ಕಳಿಸಿದವರಿಗೆ ಈಗ ಉತ್ತರ ಬರೆದೆ: ಬೀದರಿನಲ್ಲಿ ನಿಮಗೆ ಏನಾದರೂ ಕೆಲಸವಿದ್ದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿರಿ, ಊರನ್ನು ಮೊದಲು ನೋಡಿರಿ. ತಮಗೆ ಅಲ್ಲಿ ಏನೂ ಕೆಲಸವಿಲ್ಲವಲ್ಲ ಎಂದು ಅವರಿಗೆ ಆಶ್ಚರ್ಯವಾಗಿರಬಹುದು.

ನಿಮ್ಮ ಮನೆಯಲ್ಲಿಯೂ ಕೆಲಸ ಮುಗಿಯಲಿ ಎಂದು ಕಾಯುತ್ತ ಊರು ನೋಡದೆ ಉಳಿದವರು ಇದ್ದರೆ, ಅವರ ಬಗ್ಗೆ ನಾಲ್ಕು ಸಾಲು ಬರೆದು ತಿಳಿಸಿರಿ. ನನಗೆ ಓದುವುದೂ ನಿಧಾನ, ಆದರೆ ಎಲ್ಲವನ್ನೂ ಓದುತ್ತೇನೆ.