ಪ್ಲಾಸ್ಟಿಕ್ಕಿನೊಳಗಿನ ಅಂಕಪಟ್ಟಿ

ಆಗದ ಮಾತು ಎಂದವಳು ನನ್ನ ಸ್ವಂತ ಅಕ್ಕ. ಹೊರಗಿನವರು ಯಾರಾದರೂ ಅಂದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಮಗಳಿಗೆ ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತೆಂದು ಹೇಳಲು ಕಂಪ್ಲಿಗೆ ಫೋನು ಮಾಡಿದ್ದೆ.  ಕೇಳಿದ್ದೇ ಅಕ್ಕ ಶುರು ಮಾಡಿದಳು.

"ಹೆಣ್ಣು ಹುಡುಗೀನ ಧಾರವಾಡಕ್ಕ ಕಳಸ್ತೀಯಾ? ಆಗದ ಮಾತಲೇ ತಮ್ಮಾ. ನೀ ಒಬ್ಬಾವ ಓದಾಕ ನಾವು ಮೂರು ಮಂದಿ ಗಣಿ ಧೂಳು ತಿಂದ್ವಿ. ಈಕಿ ಓದಾಕ ಯಾರು ತಿಂತಾರ?"

ಮೂರು ಮಂದಿ ಎಂದರೆ ಅಪ್ಪ, ಅವ್ವ ಮತ್ತು ಅವಳು. ಸಂಡೂರಿನ ಗುಡ್ಡದಲ್ಲಿ ಅದಿರು ಒಡೆದು ಜರಡಿ ಹಿಡಿದವರು. ನಾನು ಮಾತ್ರ ಗಾದಿಗನೂರಿನ ಶಾಲೆಗೆ ಹೋದೆ. ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಇಂಗ್ಲಿಷಿನಲ್ಲಿ ಎರಡು ಸಲ ಬಿದ್ದು, ಹೊಸಪೇಟೆಯ ಕಾರ್ಖಾನೆಯೊಂದರಲ್ಲಿ ಪಾಳಿ ಮಾಡುತ್ತಲೇ ಮೂರನೇ ಸಲಕ್ಕೆ ಎದ್ದವನು ನಾನು. ಹಾಗೆ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯಿದೆ.

ಆ ಹೆಮ್ಮೆಯೇ ಕೆಟ್ಟ ಕೆಲಸವೊಂದನ್ನು ಮಾಡಿಸಿತ್ತು. ಹಳೆಯ ಮಣ್ಣಿನ ಮನೆಯಲ್ಲಿದ್ದಾಗ ನನ್ನ ಪಿಯುಸಿ ಅಂಕಪಟ್ಟಿಯನ್ನು ಗೆದ್ದಲು ತಿಂದಿತ್ತು. ಅದರ ನಕಲು ಪಡೆಯಲು ನಾನು ಅಲೆದ ಅಲೆದಾಟ ಶತ್ರುವಿಗೂ ಬೇಡ. ಹಾಗಾಗಿ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಕೈಗೆ ಬಂದ ದಿನವೇ ಅದನ್ನೂ ನನ್ನ ಡಿಗ್ರಿ ಸರ್ಟಿಫಿಕೇಟನ್ನೂ ಒಟ್ಟಿಗೆ ಒಯ್ದು ಲ್ಯಾಮಿನೇಷನ್ ಮಾಡಿಸಿದೆ. ಎರಡೂ ಕನ್ನಡಿಯಂತೆ ಹೊಳೆಯುತ್ತಿದ್ದವು, ಅಂದಿನಿಂದ ಒಂದೇ ಫೈಲಿನಲ್ಲಿದ್ದವು. ಇನ್ನು ಯಾವ ಗೆದ್ದಲು ಬರುತ್ತದೋ ಬರಲಿ ಎಂದುಕೊಂಡಿದ್ದೆ. ಆಮೇಲಿನ ಅಂಕಪಟ್ಟಿಗಳನ್ನು ಮಗಳೇ ಹಾಗೇ ಇಟ್ಟುಕೊಂಡಳು; ಊರಿನ ಕಾಲೇಜಿನಲ್ಲಿ ಯಾರೂ ಪ್ಲಾಸ್ಟಿಕ್ಕಿನ ತಕರಾರು ಎತ್ತಿರಲಿಲ್ಲ.

ದಾಖಲೆ ಪರಿಶೀಲನೆ ಸೋಮವಾರ ಇತ್ತು. ಶುಕ್ರವಾರ ಬೆಳಿಗ್ಗೆ ಚಿತ್ತವಾಡ್ಗಿಯ ನಮ್ಮ ಮನೆಯ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊಸ ಬಕೆಟ್ಟು, ಬೀಗ, ಹಾಸಿಗೆ ಸುರುಳಿ, ಖಡಕ್ ರೊಟ್ಟಿಯ ಕಟ್ಟು. ಹೆಂಡತಿ ಶೇಂಗಾ ಚಟ್ನಿಯನ್ನು ಡಬ್ಬಿಗೆ ಒತ್ತಿ ಒತ್ತಿ ತುಂಬುತ್ತಿದ್ದಳು. ಮಗಳು ವಿಶ್ವವಿದ್ಯಾಲಯದಿಂದ ಬಂದ ಸೂಚನೆಗಳನ್ನು ಫೋನಿನಲ್ಲಿ ಓದುತ್ತ, ಒಂದೊಂದೇ ಕಾಗದವನ್ನು ಫೈಲಿಗೆ ಸೇರಿಸುತ್ತಿದ್ದಳು. ಓದುತ್ತ ಓದುತ್ತ ನಿಂತಳು.

"ಅಪ್ಪಾ, ಇಲ್ಲಿ ನೋಡು."

ನೋಡಿದೆ. ಲ್ಯಾಮಿನೇಟ್ ಮಾಡಿದ ಮೂಲ ದಾಖಲೆಗಳನ್ನು ಸ್ವೀಕರಿಸುವುದಿಲ್ಲ. ಕನ್ನಡದಲ್ಲೇ ಇತ್ತು, ದಪ್ಪ ಅಕ್ಷರದಲ್ಲಿ. ಆದರೂ ನಾನು ನಾಲ್ಕು ಸಲ ಓದಿದೆ.  ಯಾರಾದರೂ ಕದ್ದಿದ್ದರೆ ಬೈಯಬಹುದಿತ್ತು. ಕಳೆದಿದ್ದರೆ ಹುಡುಕಬಹುದಿತ್ತು. ಇದು ನಾನೇ ಸಾಲಿನಲ್ಲಿ ನಿಂತು, ನಗುನಗುತ್ತ ಮಾಡಿಸಿಕೊಂಡು ಬಂದದ್ದು.

ವಿಶ್ವವಿದ್ಯಾಲಯಕ್ಕೆ ಫೋನು ಹಚ್ಚಿದೆ. ಎತ್ತಿಕೊಂಡವರು ಸಮಾಧಾನದಿಂದಲೇ ಮಾತಾಡಿದರು. "ಹೆಸರು, ಅಂಕ, ಮುದ್ರೆ ಸ್ಪಷ್ಟ ಕಂಡ್ರ ಸಾಕ್ರಿ. ಪ್ಲಾಸ್ಟಿಕ್ ಮಾತ್ರ ಇರಬಾರದು. ಇಲ್ಲಾ ಅಂದ್ರ ಬೋರ್ಡಿನಿಂದ ನಕಲು ತರ್ರಿ." ನಕಲು ಬರುವ ಹೊತ್ತಿಗೆ ಸೀಟು ಬೇರೆಯವರದಾಗಿರುತ್ತದೆ ಎಂದು ನನಗೆ ಗೊತ್ತಿತ್ತು. ಲ್ಯಾಮಿನೇಷನ್ ಅಂಗಡಿಗೆ ಓಡಿದೆ. ಅಂಗಡಿಯವನು ಅಂಕಪಟ್ಟಿಯನ್ನು ಮುಟ್ಟಲೂ ಇಲ್ಲ.

"ಅಣ್ಣಾ, ಹಾಕೋದಷ್ಟ ನನ್ನ ಕೆಲಸ. ತೆಗಿಯೋದು ದೇವರ ಕೆಲಸ. ಎಳದ್ರ ಅಕ್ಷರ ಕಿತ್ತು ಬರ್ತಾವು."

ಮನೆಗೆ ಬಂದಾಗ ಮಗಳು ಬಾಗಿಲಲ್ಲೇ ಕೂತಿದ್ದಳು. ಅತ್ತಿರಲಿಲ್ಲ. "ಕಂಪ್ಲಿ ಅತ್ತಿ ಕೈಯಾಗ ಕೊಡೂಣಪ್ಪಾ" ಎಂದಳು.

ಅಕ್ಕ ಬಾಳೆನಾರಿನ ಕೆಲಸದವಳು. ಬಾಳೆಪಟ್ಟೆಯನ್ನು ಪದರ ಪದರವಾಗಿ ಬಿಡಿಸಿ, ನಾರು ತೆಗೆದು ಚೀಲ, ಬುಟ್ಟಿ ಹೆಣೆಯುತ್ತಾಳೆ. ಹಂಪಿಗೆ ಬರುವ ಪ್ರವಾಸಿಗರು ಅವನ್ನು ಕೊಳ್ಳುತ್ತಾರೆ. ಕೂದಲಿನಷ್ಟು ಸಣ್ಣ ಎಳೆಯನ್ನೂ ಹರಿಯದೆ ಎತ್ತುವ ಬೆರಳು ಅವಳವು. ಮಗಳ ಮಾತು ಸರಿಯಾಗಿತ್ತು. ಆದರೆ ಆಗದ ಮಾತು ಎಂದವಳ ಮುಂದೆ ಹೋಗಿ, ಆಗುವಂತೆ ಮಾಡು ಎಂದು ನಿಲ್ಲುವುದು ಹೇಗೆ? ಆ ದಿನವೆಲ್ಲ ಅದೇ ಸಂಕಟ. ಶನಿವಾರ ಮುಂಜಾನೆ ಫೈಲು ಕಂಕುಳಲ್ಲಿಟ್ಟುಕೊಂಡು ಮಗಳ ಜೊತೆ ಕಂಪ್ಲಿ ಬಸ್ಸು ಹತ್ತಿದೆ.

ಅಕ್ಕ ಕಟ್ಟೆಯ ಮೇಲೆ ಪಟ್ಟೆ ಬಿಡಿಸುತ್ತ ಕೂತಿದ್ದಳು. "ಬರ್ರಿ ಬರ್ರಿ, ಡಿಗ್ರಿ ಸಾಹೇಬ್ರು ಬಂದ್ರು! ಕುಂದ್ರಿ" ಎಂದಳು. ಸಿಟ್ಟು ಬಂದಾಗಲೇ ಅವಳು ನನಗೆ ಬಹುವಚನ ಕೊಡುವುದು.

ನಡೆದದ್ದು ಹೇಳಿದೆ. ಕೇಳಿ ಅಂಕಪಟ್ಟಿಯನ್ನು ಬಿಸಿಲಿಗೆ ಹಿಡಿದಳು. ಮೂಲೆಯನ್ನು ಉಗುರಿನಿಂದ ಕೆರೆದಳು.

"ಇದಕ್ಕ ಪ್ಲಾಸ್ಟಿಕ್ ಹಾಕ್ಸು ಅಂತ ಯಾರಂದ್ರು?"

"ಯಾರೂ ಅನ್ನಲಿಲ್ಲಕ್ಕಾ."

"ಹಂಗಾರ ನಿನ್ನ ಡಿಗ್ರಿನೇ ಅಂದಿರಬೇಕು." ಮಗಳು ನಕ್ಕಳು. ಅಕ್ಕ ನಗಲಿಲ್ಲ. "ಬಂದ್ರ ಬರತೈತಿ. ಆದ್ರ ಇಂಥಾದ್ದ ಇನ್ನೊಂದು ಕೊಡು ಮೊದಲ. ಹುಡುಗಿ ಕಾರ್ಡಿನ ಮ್ಯಾಲ ನಾ ಕಲಿಯಂಗಿಲ್ಲ."

ಫೈಲಿನಲ್ಲಿ ಅಂಥದ್ದು ಇನ್ನೊಂದೇ ಇತ್ತು. ಮಗಳಿಗೆ ಅದು ಹೊಳೆದ ಕೂಡಲೇ "ಬ್ಯಾಡಪ್ಪಾ" ಎಂದಳು. ಯೋಚಿಸಿ ಕೊಟ್ಟೆ ಎಂದರೆ ಸುಳ್ಳಾಗುತ್ತದೆ. ಯೋಚಿಸಿದ್ದರೆ ಕೊಡುತ್ತಿರಲಿಲ್ಲವೇನೋ. ನನ್ನ ಡಿಗ್ರಿ ಸರ್ಟಿಫಿಕೇಟನ್ನು ತೆಗೆದು ಅಕ್ಕನ ಮುಂದೆ ಇಟ್ಟೆ.

ಅಕ್ಕ ಅದರ ಮೇಲೆ ಹಳೆಯ ಧೋತರದ ತುಂಡು ಹಾಸಿ ಇಸ್ತ್ರಿಪೆಟ್ಟಿಗೆ ಆಡಿಸಿದಳು. ಬ್ಲೇಡಿನ ತುದಿಯಿಂದ ಮೂಲೆ ಎಬ್ಬಿಸಿ, ನಾರು ಎಳೆಯುವ ಹಾಗೆ ಮೇಲಕ್ಕೆ ಎಳೆದಳು. ಚರಚರ ಸದ್ದಾಯಿತು. ಪ್ಲಾಸ್ಟಿಕ್ ಎದ್ದು ಬಂತು. ಅದರ ಜೊತೆಗೆ ಅಕ್ಷರಗಳೂ ಬಂದವು. ಸರ್ಟಿಫಿಕೇಟಿನ ನಡುವೆ ನನ್ನ ಹೆಸರಿದ್ದಲ್ಲಿ ಈಗ ಬಿಳಿ ಕಲೆ. 

ಅಕ್ಕ ಪ್ಲಾಸ್ಟಿಕ್ಕನ್ನು ಎತ್ತಿ ನೋಡಿದಳು. "ಅಯ್ಯ, ನಿನ್ನ ಹೆಸರ ಕಿತ್ತು ಬಂತಲ್ಲೋ. ಉಲ್ಟಾ ಐತಿ ನೋಡು. ಅಪ್ಪನ ಹೆಸರು ಉಳದೈತಿ."

ಹೆಸರು ಹೋದ ದಿಗಿಲಿನಲ್ಲಿ ಆ ಮಾತು ನನಗೆ ತಡವಾಗಿ ತಾಕಿತು. ತಾಕಿದಾಗ ಹೆಸರಿನ ನೆನಪೇ ಹಾರಿಹೋಯಿತು.

"ಅಕ್ಕಾ, ನಿಂಗ ಓದಾಕ ಬರ್ತೈತೇನು?"

"ನಾಲ್ಕನೇ ಕ್ಲಾಸಿನ ತನಕ ಹೋಗಿನಲ್ಲ. ಪಾಠ ಓದೂದರಾಗ ನಾನ ಮುಂದ. ನೀ ಹುಟ್ಟಿದಿ. ನಿನ್ನ ಆಡ್ಸಾಕ ಶಾಲಿ ಬಿಡಿಸಿದ್ರು."

"ಯಾವತ್ತೂ ಹೇಳಲಿಲ್ಲ ನೀನು!"

"ನೀ ಕೇಳಿದ್ದೇನು?"

ಕೇಳಿರಲಿಲ್ಲ. ನನಗೀಗ ಐವತ್ತು ದಾಟಿದೆ. ಇಷ್ಟು ವರ್ಷ ಅವಳಿಗೆ ಬಂದ ನೋಟೀಸು, ಸಂಘದ ಪಾಸ್‌ಬುಕ್ಕು, ಮದುವೆ ಪತ್ರಿಕೆ ಎಲ್ಲವನ್ನೂ ನಾನೇ ಓದಿ ಹೇಳುತ್ತಿದ್ದೆ, ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ. ಅವಳು ತಲೆಯಾಡಿಸುತ್ತ ಕೇಳುತ್ತಿದ್ದಳು. ಎಲ್ಲ ಗೊತ್ತಿದ್ದೂ ಕೇಳುತ್ತಿದ್ದಳು! 

"ಮತ್ತ ನನ್ನ ಕೈಲಿ ಯಾಕ ಓದಸ್ತಿದ್ದಿ?"

"ನೀ ಓದಿದ್ರ ಕೇಳಾಕ ಚಂದ ಇತ್ತಲೇ" ಎಂದವಳೇ ಮತ್ತೆ ಇಸ್ತ್ರಿಪೆಟ್ಟಿಗೆಗೆ ಕೈ ಹಾಕಿದಳು. ಅವಳ ಮಟ್ಟಿಗೆ ಅದು ಅಲ್ಲಿಗೆ ಮುಗಿದ ಮಾತು. ನಾನು ಗೋಡೆಗೆ ಆತು ಕೂತೆ. ಮಗಳು ನನ್ನ ಕಡೆ ನೋಡದೆ, ಕಟ್ಟೆಯ ಕೆಳಗೆ ತೂಕಡಿಸುತ್ತಿದ್ದ ನಾಯಿಯನ್ನು ನೋಡುತ್ತಿದ್ದಳು.

ಸರ್ಟಿಫಿಕೇಟಿನ ಕೆಳಗಿನ ಅರ್ಧದಲ್ಲಿ ಅಕ್ಕನಿಗೆ ಹದ ಸಿಕ್ಕಿತು. ಕಾವು ಇನ್ನೂ ಹೆಚ್ಚು ಬೇಕು. ಕಾವು ಆರುವ ಮೊದಲೇ ಎಳೆಯಬೇಕು. ಮೇಲಕ್ಕೆ ಎಳೆಯಬಾರದು. ಪ್ಲಾಸ್ಟಿಕ್ಕನ್ನು ಹಿಂದಕ್ಕೆ ಮಡಚಿ, ಕಾಗದಕ್ಕೆ ಒತ್ತಿಕೊಂಡೇ ಸರಿಸುತ್ತ ಹೋಗಬೇಕು. ಕುಲಪತಿಗಳ ಸಹಿ, ಮುದ್ರೆ ಎರಡೂ ಹಾಗೇ ಉಳಿದವು. ಹೆಸರಿಲ್ಲದ ಆ ಪದವಿಯನ್ನು ಬದಿಗಿಟ್ಟು ಮಗಳ ಅಂಕಪಟ್ಟಿ ಎತ್ತಿಕೊಂಡಳು.

ಮುಂದಿನ ಒಂದು ತಾಸು ಅದೇ ಕೆಲಸ. ಎರಡು ಬೆರಳಗಲ ಕಾಯಿಸುವುದು, ಎರಡು ಬೆರಳಗಲ ಬಿಡಿಸುವುದು. ಮೊದಲು ಮಗಳ ಹೆಸರು ಉಳಿಯಿತು. ಆಮೇಲೆ ಹುಟ್ಟಿದ ದಿನಾಂಕ. ಅಂಕಗಳ ಹತ್ತಿರ ಬಂದಾಗ ಅಕ್ಕ ಪ್ಲಾಸ್ಟಿಕ್ಕು ಸರಿದಂತೆಲ್ಲ ಗಟ್ಟಿಯಾಗಿ ಓದತೊಡಗಿದಳು. ಎಲ್ಲಿಯೂ ತಡವರಿಸಲಿಲ್ಲ.

"ಕನ್ನಡ... ನೂರಾ ಇಪ್ಪತ್ತೊಂದು. ಗಣಿತ... ತೊಂಬತ್ತಾರು! ಲೇ, ನಿಂಗ ಎಷ್ಟು ಬಂದಿತ್ತು ಗಣಿತದಾಗ?"

"ನಲವತ್ತು."

"ಅದಕ್ಕ ಮತ್ತ, ಪ್ಲಾಸ್ಟಿಕ್ ಹಾಕ್ಸಿದಿ."

ಹಿಂಬದಿಯ ಪದರವೂ ಬಂತು. ಬಲಗಡೆಯ ಒಂದು ಮೂಲೆ ಸ್ವಲ್ಪ ಹರಿಯಿತು. ಅಲ್ಲಿ ಅಕ್ಷರವಿರಲಿಲ್ಲ. ಉಳಿದದ್ದೆಲ್ಲ ಇತ್ತು, ಮುದ್ರೆಯೂ. ಅಕ್ಕ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ತೆಗೆದುಕೊಳ್ಳಲು ನಾನು ಕೈ ಚಾಚಿದೆ. ಅವಳು ನನ್ನ ಕೈ ದಾಟಿಸಿ ಮಗಳಿಗೆ ಕೊಟ್ಟಳು.

"ತಗೋ ಯವ್ವಾ. ಧಾರವಾಡದಾಗ ಮಳಿ ಭಾಳ ಅಂತಾರ. ಚೀಲದ ತಳದಾಗ ಇಡಬ್ಯಾಡ, ಅರಿವಿ ನಡುವ ಇಟ್ಕೋ. ಮತ್ತ, ಬಸ್ಸಿನ್ಯಾಗ ನಿಮ್ಮಪ್ಪ ಕೇಳತಾನ. ಕೊಡಬ್ಯಾಡ."