ಗಂಗಿಯ ಹೆಸರಿಲ್ಲದ ರಸೀದಿ

ಬಾಂದ್ರಾ ಸ್ಟೇಶನ್ನಿನ ಟಾಂಗಾದವರಲ್ಲಿ ದಾನಪ್ಪನಷ್ಟು ನನ್ನ ತಲೆ ತಿಂದವನು ಇನ್ನೊಬ್ಬನಿಲ್ಲ. ವಿಜಾಪುರದ ಕಡೆಯವನು. ಗಂಗಿ ಎಂಬ ಕಂದು ಕುದುರೆಯೇ ಅವನ ಅನ್ನ. ಹೆಂಡತಿ ಶರಣವ್ವನಿಗಿಂತ ಅದರ ಜೊತೆಗೇ ಅವನ ಮಾತು ಹೆಚ್ಚು.

೧೯೫೪ರಿಂದ ಟಾಂಗಾದವರು ವರ್ಷಕ್ಕೊಂದು ಭಾನುವಾರ ಗಾಡಿ ಬಿಚ್ಚಿಟ್ಟು, ಕುದುರೆ ಏರಿ ಮುಲುಂಡಿಗೆ ಹೋಗಿಬರುವ ದೂರದ ಸವಾರಿಯ ಪಂದ್ಯ ನಡೆಸುತ್ತಿದ್ದರು. ಪವಾಯಿ ಕೆರೆಯ ಹತ್ತಿರ ಕುದುರೆ ಡಾಕ್ಟರು ಕಾದಿರುತ್ತಿದ್ದರು. ಅವರ ಫೀಸು, ಔಷಧಿ ಸೇರಿ ಕುದುರೆಗೆ ಮೂರು ರೂಪಾಯಿ, ಮುಂಗಡ. ಹೊಟೇಲಿನ ಗಲ್ಲೆಯಲ್ಲಿ ಕೂರುವ ಉಡುಪಿಯವನೆಂದು ರಸೀದಿ ಪುಸ್ತಕವನ್ನು ನನಗೇ ಒಪ್ಪಿಸಿದ್ದರು. ಪಂದ್ಯದ ದಿನ ಅದನ್ನು ಹಿಡಿದು ಡಾಕ್ಟರ ಪಕ್ಕದಲ್ಲೇ ಇರುತ್ತಿದ್ದೆ. ಮೊದಲ ವರ್ಷ ದುಡ್ಡು ಕೊಡದವರೇ ಔಷಧಿಯೆಲ್ಲ ಖಾಲಿ ಮಾಡಿದ್ದರಿಂದ, ರಸೀದಿಯಲ್ಲಿ ಹೆಸರಿದ್ದ ಕುದುರೆಗೆ ಮಾತ್ರ ಚಿಕಿತ್ಸೆ ಎಂದು ನಾನೇ ನಿಯಮ ಮಾಡಿದೆ.

ಎರಡನೇ ವರ್ಷ ದಾನಪ್ಪ ಮೂರು ರೂಪಾಯಿ ಇಟ್ಟ. ಬರೆಯಹೋದರೆ ಕೈ ಹಿಡಿದ.

"ಗಂಗಿ ಹೆಸರು ಬರೀಬ್ಯಾಡ್ರಿ ಸದಾನಂದಣ್ಣಾ. ಬ್ಯಾನಿ ಬರೂಕಿಂತ ಮೊದಲ ಡಾಕ್ಟರಿಗೆ ರೊಕ್ಕ ಕೊಟ್ರ, ಬ್ಯಾನಿಗೆ ಬಾ ಅಂದಂಗ ಆಗತೈತಿ. ಪರಪ್ಪನ ಕುದರೀದು ಬರೀರಿ."

"ಪರಪ್ಪನ ಕುದುರೆಗೆ ಬೇನೆ ಬಂದರೆ ಅಡ್ಡಿಯಿಲ್ಲವಾ ಮಾರಾಯ?"

"ಅದು ನಾ ಕರದ್ರ ಬರೂದಿಲ್ರಿ. ಮಾಲಕನೇ ಕರೀಬೇಕು."

ಇಂಥವನಿಗೆ ಏನು ಹೇಳುವುದು? ಸಿಟ್ಟೂ ಬಂತು, ಇವನ ತಲೆಯೊಳಗೆ ಇನ್ನೇನೇನಿದೆಯೋ ಎಂಬ ಕುತೂಹಲವೂ ಹುಟ್ಟಿತು. ಹಣೆಬರಹ ಎಂದುಕೊಂಡು ಬರೆದುಕೊಟ್ಟೆ. ಜೊತೆಯ ಟಾಂಗಾದವನಾದ ಪರಪ್ಪ ನಗುತ್ತ ರಸೀದಿಯನ್ನು ತಲೆಗೆ ಸುತ್ತಿದ ಪಟಕದೊಳಗೆ ಸಿಕ್ಕಿಸಿಕೊಂಡ.

ಮುಲುಂಡಿನಿಂದ ಮರಳುವಾಗ ಪವಾಯಿಯಲ್ಲಿ ಗಂಗಿ ನೆಲ ಕೆರೆಯತೊಡಗಿತು. ತಿರುಗಿ ತಿರುಗಿ ಹೊಟ್ಟೆಯತ್ತ ನೋಡಿತು, ಆಮೇಲೆ ಮಲಗಿ ಹೊರಳಾಡಿತು. ಹೊಟ್ಟೆಶೂಲೆ. ಗಂಟೆಯೊಳಗೆ ಔಷಧಿ ಬೀಳದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು. ಹಾಗೆಂದು ನನ್ನ ಮುಖ ನೋಡಿದರು. ಗಂಗಿಯ ರಸೀದಿ ಇಲ್ಲವೆಂದು ಗೊತ್ತಿದ್ದೂ ಪುಸ್ತಕ ತಿರುವಿದೆ. ದುಡ್ಡು ಕೊಟ್ಟ ಉಳಿದವರಿಗೆ ಏನು ಉತ್ತರ ಹೇಳಲಿ? ದಾನಪ್ಪ ಲಗಾಮು ಹಿಡಿದು ನಿಂತಿದ್ದ, ಬಾಯಿಬಿಟ್ಟು ಏನೂ ಕೇಳಲಿಲ್ಲ. ಕೇಳಿದ್ದರೆ ಬೈಯಬಹುದಿತ್ತು. ನನಗೆ ನನ್ನ ನಿಯಮದ ಮೇಲೇ ನಾಚಿಕೆಯಾಯಿತು.

ಎಲ್ಲರಿಗಿಂತ ಮುಂದಿದ್ದ ಪರಪ್ಪ ಅಷ್ಟರಲ್ಲಿ ಕುದುರೆ ತಿರುಗಿಸಿಕೊಂಡು ಬಂದು, ಇಳಿದು ಪಟಕದಿಂದ ರಸೀದಿ ತೆಗೆದ.

"ಇದು ಅವನ ರೊಕ್ಕ. ಗಂಗಿ ಹೆಸರು ಹಾಕ್ರಿ."

"ನಿನ್ನ ಕುದುರೆಗೆ ಏನಾದರೂ ಆದರೆ?"

"ಓಡಿಸಿದ್ರ ತಾನ ಆಗೂದು? ಇಲ್ಲಿಂದ ಬಾಂದ್ರಾ ಮಟಾ ನಡಸಿಕೋತ ಹೋಗತೀನಿ. ಲಗೂನ ಬರೀರಿ."

ಬರೆದೆ. ಮಧ್ಯಾಹ್ನದ ಹೊತ್ತಿಗೆ ಗಂಗಿ ಎದ್ದು ನಿಂತಿತು. ಗೆದ್ದವರು ಬೇರೆ ಯಾರೋ.

ಮೂರನೇ ವರ್ಷ ದಾನಪ್ಪ ಆರು ರೂಪಾಯಿ ಇಟ್ಟ.

"ಮೂರು ಪರಪ್ಪನ ಕುದರಿಗೆ."

"ಇನ್ನು ಮೂರು ಗಂಗಿಗೆ. ಅಂತೂ ಬುದ್ಧಿ ಬಂತಲ್ಲ" ಎಂದೆ.

ದಾನಪ್ಪ ಅಡ್ಡಡ್ಡ ತಲೆಯಾಡಿಸಿದ. "ಆ ಮೂರಕ್ಕ ಯಾರ ಹೆಸರೂ ಬ್ಯಾಡ್ರಿ. ಯಾವುದು ಬೀಳತೈತಿ, ಅದಕ್ಕ."

ಹೆಸರಿನ ಜಾಗ ಖಾಲಿ ಬಿಟ್ಟು ಸಹಿ ಹಾಕಿದೆ. ಅದೇ ಪುಸ್ತಕದ ಮೊದಲ ಹಾಳೆಯಲ್ಲಿ ಗಂಗಿಯ ಹೆಸರಿತ್ತು. ಬೆಳಗಾಗುವಾಗಲೇ ಪರಪ್ಪ ಬಂದು ಮೂರು ರೂಪಾಯಿ ಕೊಟ್ಟು ಬರೆಸಿಹೋಗಿದ್ದ. ದಾನಪ್ಪನಿಗೆ ಕಾಣದಂತೆ ಅದರ ಮೇಲೆ ಕೈ ಇಟ್ಟುಕೊಂಡು ಕೂತೆ.